ಸಿನಾಪ್ಟಿಕ್: ಪ್ಯಾಕೇಜ್ ಸಿಕ್ಕು ಬಿಡಿಸಲು ಹಳೆಯದೇ ಒಳ್ಳೆಯದು

ಲಿನಕ್ಸ್ ಬಳಗದ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು 2011ರ 11.10 ಆವೃತ್ತಿಯಲ್ಲೇ, ಪ್ಯಾಕೇಜುಗಳನ್ನು (ತಂತ್ರಾಂಶದ ಕಟ್ಟುಗಳನ್ನು) ಹಾಕುವ, ತೆಗೆಯುವ ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರನ್ನು ತನ್ನ ಮೂಲ ಸರಂಜಾಮಿನಿಂದ ಕೈಬಿಟ್ಟಿತು. ಲಿನಕ್ಸ್ ಮಿಂಟ್ ಇಂದಿಗೂ ಜೊತೆಯಲ್ಲೇ ಕೊಡುತ್ತದೆ. ಉಬುಂಟು, ಡೆಬಿಯನ್ ಬಳಸುವವರು ಇದನ್ನು ಎಲ್ಲ ಸರಿಯಿರುವಾಗಲೇ ಹಾಕಿಟ್ಟುಕೊಳ್ಳಬೇಕು. ಪ್ಯಾಕೇಜುಗಳನ್ನು ನಿಭಾಯಿಸುವ ಮೂಲ ವ್ಯವಸ್ಥೆಯಾದ ಆಪ್ಟ್ ಕೆಟ್ಟು ಕೂತ ಮೇಲೆ ಸಿನಾಪ್ಟಿಕ್ ಕೂಡ ಇನ್‌ಸ್ಟಾಲ್ ಆಗುವುದಿಲ್ಲ.

ನೋಡಲು ಚೆಂದವಿಲ್ಲ, ಬರೀ ಪಟ್ಟಿಗಳು. ಆದರೆ ಯಾವ ಪ್ಯಾಕೇಜು ಯಾವುದಕ್ಕೆ ಅಡ್ಡ ನಿಂತಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಗ್ರಾಫಿಕಲ್ ಸಾಧನ ಇನ್ನೊಂದಿಲ್ಲ ಎನ್ನಬಹುದು. ಎಡಗಡೆ ಕೆಳಗಿನ ‘ಸ್ಟೇಟಸ್’ ಒತ್ತಿ, ‘ಬ್ರೋಕನ್ ಡಿಪೆಂಡೆನ್ಸೀಸ್’ ಎಂಬ ಸಾಲು ಕಂಡರೆ ಮುರಿದ ಪ್ಯಾಕೇಜುಗಳೆಲ್ಲ ಅಲ್ಲೇ ಸಿಗುತ್ತವೆ. ‘ಎಡಿಟ್’ ಮೆನುವಿನ ‘ಫಿಕ್ಸ್ ಬ್ರೋಕನ್ ಪ್ಯಾಕೇಜಸ್’ ಒತ್ತಿ, ನಂತರ ‘ಅಪ್ಲೈ’. ನಡುವೆ ಬರುವ ಪಟ್ಟಿಯನ್ನು ಓದದೆ ಮುಂದೆ ಹೋಗಬೇಡಿ. ಒಂದೆರಡು ಲೈಬ್ರರಿ (ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡ್) ತೆಗೆಯುತ್ತೇನೆ ಎಂದರೆ ಸರಿ. ಡೆಸ್ಕ್‌ಟಾಪನ್ನೇ ತೆಗೆಯುವ ನೂರಾರು ಸಾಲಿನ ಪಟ್ಟಿ ಬಂದರೆ ‘ಕ್ಯಾನ್ಸಲ್’ ಮಾಡಿ. ಬರೀ ಮೆಟಾಪ್ಯಾಕೇಜ್, ಅಂದರೆ ಬೇರೆ ಪ್ಯಾಕೇಜುಗಳನ್ನು ಒಟ್ಟಿಗೆ ತರಿಸುವ ಖಾಲಿ ಪ್ಯಾಕೇಜ್, ಹೋದರೆ ಗಾಬರಿ ಬೇಡ. ಕನ್ನಡ ಅಕ್ಷರಗಳ ಮೆಟಾಪ್ಯಾಕೇಜು ಹೋದರೂ ಗುಬ್ಬಿ, ನವಿಲು ಫಾಂಟುಗಳು ತಾವಾಗಿ ಅಳಿಯುವುದಿಲ್ಲ. ಆದರೆ ಆಮೇಲೆ, ಯಾವುದಕ್ಕೂ ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ‘ಆಟೋರಿಮೂವ್’ ಕೊಡುವಾಗ ಎಚ್ಚರ, ಅವು ಆಗ ಹೋಗಬಹುದು.

ಇದರ ನಿಜವಾದ ಬೆಲೆ ತಿಳಿಯುವುದು ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಎಂಬ ಸಂದೇಶ ಬಂದಾಗ. ವೈನ್ (ವಿಂಡೋಸ್ ಪ್ರೋಗ್ರಾಮುಗಳನ್ನು ಓಡಿಸುವ ಸಾಧನ) ಅಥವಾ ಸ್ಟೀಮ್ (ಆಟಗಳ ತಾಣ) ಹಾಕಲು ಹೋದವರಿಗೆ ಇದು ಪರಿಚಿತ. ಇವಕ್ಕೆ 32 ಬಿಟ್ಟಿನ ಲೈಬ್ರರಿಗಳೂ ಬೇಕು. ಒಂದೇ ಲೈಬ್ರರಿಯ 32 ಮತ್ತು 64 ಬಿಟ್ ರೂಪಗಳು ಒಟ್ಟಿಗೆ ಇರಬೇಕಾದರೆ ಎರಡರ ಆವೃತ್ತಿ ಸಂಖ್ಯೆ ಅಕ್ಷರಶಃ ಒಂದೇ ಆಗಿರಬೇಕು. ಯಾವಾಗಲೋ ಸೇರಿಸಿದ ಪಿಪಿಎಯಿಂದ (ಉಬುಂಟುವಿನ ಹೊರಗಿನವರು ನಡೆಸುವ ಪ್ಯಾಕೇಜ್ ಮೂಲದಿಂದ) 64 ಬಿಟ್ಟಿನ ಹೊಸ ಆವೃತ್ತಿ ಮಾತ್ರ ಬಂದಿದ್ದರೆ, 32 ಬಿಟ್ಟಿನದು ಒಳಗೆ ಬರಲಾರದು. ಆಜ್ಞೆ ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ ಇದನ್ನು ಪತ್ತೆಹಚ್ಚಲು ಒಂದೊಂದೇ ಪ್ಯಾಕೇಜಿನ ಹೆಸರು ಹಿಡಿದು ಹೋಗಬೇಕು. ಸಿನಾಪ್ಟಿಕ್‌ನಲ್ಲಿ ‘ಆರಿಜಿನ್’ ಒತ್ತಿದರೆ ಯಾವ ಪ್ಯಾಕೇಜು ಯಾವ ಮೂಲದಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ. ತಪ್ಪಿತಸ್ಥ ಲೈಬ್ರರಿಯನ್ನು ಆರಿಸಿ, ‘ಪ್ಯಾಕೇಜ್’ ಮೆನುವಿನಲ್ಲಿ ‘ಫೋರ್ಸ್ ವರ್ಷನ್’ ಕೊಟ್ಟು, ಉಬುಂಟುವಿನ ಸ್ವಂತ ಆವೃತ್ತಿಗೆ ಇಳಿಸಿ. ಜೊತೆಗೆ ‘ಸೆಟ್ಟಿಂಗ್ಸ್’ನ ‘ರೆಪಾಸಿಟರೀಸ್’ನಲ್ಲಿ ಆ ಪಿಪಿಎಯ ಗುರುತು ತೆಗೆದು ‘ರೀಲೋಡ್’ ಮಾಡಿ. ಇಲ್ಲದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ ಅದೇ ಆವೃತ್ತಿ ಮತ್ತೆ ಬಂದು ಕೂರುತ್ತದೆ.

ಪ್ಯಾಕೇಜನ್ನು ಈಗಿನ ಆವೃತ್ತಿಯಲ್ಲೇ ನಿಲ್ಲಿಸುವ ‘ಲಾಕ್ ವರ್ಷನ್’ ಸೌಲಭ್ಯವೂ ಇದೆ, ಆದರೆ ಇದು ಈ ಸಾಧನದ ದೊಡ್ಡ ಲೋಪ. ಸಿನಾಪ್ಟಿಕ್ ಹಾಕಿದ ಬೀಗವನ್ನು ಆಪ್ಟ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡೂ ಕಡೆ ನಿಲ್ಲಬೇಕಾದರೆ ಟರ್ಮಿನಲ್ಲಿನಲ್ಲಿ ಆಪ್ಟ್-ಮಾರ್ಕ್ ಹೋಲ್ಡ್ ಬಳಸಬೇಕು.

ಇನ್ನೊಂದು ಮಿತಿ. ಇನ್‌ಸ್ಟಾಲ್ ಆಗುವಾಗ ಕರೆಂಟು ಹೋಗಿ ಕಂಪ್ಯೂಟರ್ ಆಫ್ ಆಗಿದ್ದರೆ, ಸಿನಾಪ್ಟಿಕ್ ತೆರೆಯುತ್ತಲೇ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ (ಪ್ಯಾಕೇಜ್ ಹಾಕುವ ಒಳಗಿನ ಪ್ರೋಗ್ರಾಮು ಅರ್ಧಕ್ಕೆ ನಿಂತಿದೆ) ಎನ್ನುತ್ತದೆ, ಮುಂದಿನ ಕೆಲಸ ಟರ್ಮಿನಲ್ಲಿನದು. ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆಜ್ಞೆಯನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಕೊಟ್ಟು, ಅದು ಮುಗಿದ ಮೇಲೆ ಮತ್ತೆ ತೆರೆಯಿರಿ. ಬೇರೊಂದು ಪ್ರೋಗ್ರಾಮು ಲಾಕ್ ಹಿಡಿದಿದೆ ಎಂದರೆ ಸಾಮಾನ್ಯವಾಗಿ ಹಿನ್ನೆಲೆಯಲ್ಲಿ ಸೆಕ್ಯುರಿಟಿ ಅಪ್‌ಡೇಟ್ ನಡೆಯುತ್ತಿರುತ್ತದೆ. ಕಾಯಿರಿ. ಲಾಕ್ ಫೈಲನ್ನೇ ಅಳಿಸಿಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಅದು ಅಪಾಯಕಾರಿ: ಎರಡು ಪ್ರೋಗ್ರಾಮುಗಳು ಒಟ್ಟಿಗೆ ಬರೆದರೆ ಪ್ಯಾಕೇಜ್ ದಾಖಲೆಯೇ ಕೆಡಬಹುದು.

ಡಿಸ್ಕಿನ ಬೂಟ್ ಪಾರ್ಟಿಷನ್ ತುಂಬಿ ಹೊಸ ಕರ್ನಲ್ (ಲಿನಕ್ಸಿನ ತಿರುಳು) ಅರ್ಧಕ್ಕೆ ನಿಂತಾಗಲೂ ಇದು ಕೈಹಿಡಿಯುತ್ತದೆ. ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಕೊಂಡವರಿಗೆ ಬೂಟ್ ಬೇರೆಯಾಗಿ, ಚಿಕ್ಕದಾಗಿ ಇರುವುದರಿಂದ ಈ ತೊಂದರೆ ಹೆಚ್ಚು. ‘ಲಿನಕ್ಸ್-ಇಮೇಜ್’ ಎಂದು ಹುಡುಕಿ, ಈಗ ಓಡುತ್ತಿರುವುದನ್ನೂ ಅದಕ್ಕಿಂತ ಹಿಂದಿನ ಒಂದನ್ನೂ ಉಳಿಸಿ, ಅವಕ್ಕಿಂತ ಹಳೆಯವನ್ನು ‘ಮಾರ್ಕ್ ಫಾರ್ ಕಂಪ್ಲೀಟ್ ರಿಮೂವಲ್’ ಮಾಡಿ. ಈಗ ಓಡುತ್ತಿರುವುದು ಯಾವುದೆಂದು ಟರ್ಮಿನಲ್ಲಿನಲ್ಲಿ ‘ಯುನೇಮ್ -ಆರ್’ ಆಜ್ಞೆ ಹೇಳುತ್ತದೆ.

‘ರೀಲೋಡ್’ ಕೊಟ್ಟಾಗ 404 ದೋಷ ಬಂದರೆ ಆವೃತ್ತಿಯ ಆಯುಷ್ಯ ನೋಡಿ. ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ ಆವೃತ್ತಿ) ಅಲ್ಲದ ಉಬುಂಟುಗಳಿಗೆ ಬೆಂಬಲ 9 ತಿಂಗಳು ಮಾತ್ರ. ಆಮೇಲೆ ಅವುಗಳ ಪ್ಯಾಕೇಜುಗಳನ್ನು ‘ಓಲ್ಡ್-ರಿಲೀಸಸ್’ ಸರ್ವರಿಗೆ ಸಾಗಿಸುತ್ತಾರೆ. ವಿಳಾಸ ಬದಲಿಸಿ ತಾತ್ಕಾಲಿಕವಾಗಿ ನಡೆಸಬಹುದು, ಆದರೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ಹೊಸ ಆವೃತ್ತಿಗೆ ಹೋಗುವುದೇ ಸರಿ.

ಬೇರೆ ಬಗೆಯ ಪ್ಯಾಕೇಜುಗಳಾದ ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್‌ಗಳು ಸಿನಾಪ್ಟಿಕ್‌ನ ಕಣ್ಣಿಗೆ ಬೀಳುವುದಿಲ್ಲ. ಅವುಗಳ ತೊಂದರೆಗೆ ಇಲ್ಲಿ ಮದ್ದಿಲ್ಲ. ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಮಾತ್ರ ಒಂದು ಅಮೂಲ್ಯ ಅನುಕೂಲವಿದೆ: ಬೇಕಾದ್ದನ್ನು ಗುರುತು ಮಾಡಿ ‘ಫೈಲ್’ ಮೆನುವಿನಲ್ಲಿ ‘ಜನರೇಟ್ ಪ್ಯಾಕೇಜ್ ಡೌನ್‌ಲೋಡ್ ಸ್ಕ್ರಿಪ್ಟ್’ ಕೊಡಿ. ಆ ಸ್ಕ್ರಿಪ್ಟನ್ನು ನೆಟ್ ಇರುವ ಇನ್ನೊಂದು ಲಿನಕ್ಸಿನಲ್ಲಿ ಓಡಿಸಿ, ಬಂದ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ತಂದು ‘ಆಡ್ ಡೌನ್‌ಲೋಡೆಡ್ ಪ್ಯಾಕೇಜಸ್’ ಮೂಲಕ ಒಳಗೆ ಸೇರಿಸಿ.