ಪ್ಲೇ ಪ್ರೊಟೆಕ್ಟ್: ಫೋನಿನೊಳಗೇ ಕುಳಿತಿರುವ ಕಾವಲುಗಾರನ ವಿಮರ್ಶೆ

ಕಳೆದ ಬೇಸಿಗೆಯ ಮದುವೆ ಹಂಗಾಮಿನಲ್ಲಿ, ದಾವಣಗೆರೆಯ ನಮ್ಮ ಮನೆಯಲ್ಲಿ, ಮಾವನವರು ತಮ್ಮ ಫೋನನ್ನು ನನ್ನ ಮುಂದೆ ಹಿಡಿದು, ‘ನೋಡಮ್ಮ, ಯಾರದೋ ಲಗ್ನಪತ್ರಿಕೆ ಬಂದೈತಿ, ಎಷ್ಟು ಒತ್ತಿದರೂ ತೆರೆಯವಲ್ದು’ ಎಂದರು. ಅದು ಬಂದದ್ದು ಅವರ ಜೊತೆ ಮುಂಜಾನೆ ವಾಕಿಂಗ್ ಮಾಡುವ ಹಿರಿಯರೊಬ್ಬರ ನಂಬರಿನಿಂದ. ಕಡತಕ್ಕೆ ‘ಮದುವೆ ಆಮಂತ್ರಣ’ ಎಂಬ ಹೆಸರಿದ್ದು, ಬಾಲದಲ್ಲಿ ಎಪಿಕೆ ಎಂಬ ಮೂರು ಅಕ್ಷರಗಳಿದ್ದವು, ಅಂದರೆ ಅದು ಪತ್ರಿಕೆಯಲ್ಲ, ಫೋನಿಗೆ ಆ್ಯಪ್ ಸೇರಿಸುವ ಕಡತ. ವಧೂವರರ ಹೆಸರಾಗಲಿ ಮುಹೂರ್ತವಾಗಲಿ ಇಲ್ಲದ ಲಗ್ನಪತ್ರಿಕೆಯನ್ನು ನಾನು ಕಂಡದ್ದು ಅದೇ ಮೊದಲು. ಮಾವನವರು ಅಡ್ಡಬಂದ ಒಂದೊಂದು ಪ್ರಶ್ನೆಗೂ ಒಪ್ಪಿಗೆ ಒತ್ತುತ್ತಲೇ ಹೋಗಿದ್ದರು. ಕಟ್ಟಕಡೆಗೆ ಗುರಾಣಿಯ ಚಿತ್ರವಿದ್ದ ಒಂದು ಪರದೆ ಎದ್ದು, ಈ ಆ್ಯಪ್ ಅನ್ನು ತಡೆಯಲಾಗಿದೆ ಎಂದು ತಿಳಿಸಿ, ಒಪ್ಪಿಕೊಂಡು ಹಿಂದಿರುಗುವ ಒಂದೇ ಒಂದು ಗುಂಡಿಯನ್ನು ಅವರಿಗೆ ಬಿಟ್ಟಿತ್ತು. ಆ ಪರದೆ, ಹಾನಿಕಾರಕ ಆ್ಯಪ್‌ಗಳನ್ನು ತಡೆಯಲೆಂದು ಆಂಡ್ರಾಯ್ಡ್ ಫೋನಿನೊಳಗೇ ಇರುವ ಗೂಗಲ್ ಪ್ಲೇ ಪ್ರೊಟೆಕ್ಟ್‌ನದು. ಅಂದಿನಿಂದ ನಮ್ಮ ಮನೆಯ ನಾಲ್ಕು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ಗಮನಿಸುತ್ತಾ ಬಂದಿದ್ದೇನೆ.

ಇದನ್ನು ಎಲ್ಲಿಂದಲೂ ಇಳಿಸಿಕೊಳ್ಳಬೇಕಾಗಿಲ್ಲ, ದುಡ್ಡೂ ಕೊಡಬೇಕಾಗಿಲ್ಲ. ಪ್ಲೇ ಸ್ಟೋರ್ ತೆರೆದು, ಮೇಲಿನ ಮೂಲೆಯಲ್ಲಿರುವ ನಮ್ಮದೇ ಚಿತ್ರವನ್ನು ಒತ್ತಿದರೆ ಅದರ ಹೆಸರು ಕಾಣುತ್ತದೆ. ಗೂಗಲ್ ಈ ಹೆಸರಿನಿಂದ ಇದನ್ನು ಪ್ರಕಟಿಸಿದ್ದು 2017ರ ಮೇ ತಿಂಗಳಲ್ಲಿ. ಅದಕ್ಕೂ ಮೊದಲು ಆ್ಯಪ್‌ಗಳನ್ನು ತಪಾಸಣೆ ಮಾಡುವ ಏರ್ಪಾಡು ಬೇರೆ ಹೆಸರಿನಲ್ಲಿ, ಅಷ್ಟಾಗಿ ಯಾರ ಕಣ್ಣಿಗೂ ಬೀಳದಂತೆ ಇತ್ತು. ಆರಂಭದ ದಿನಗಳಲ್ಲಿ ಸ್ವತಂತ್ರ ಪ್ರಯೋಗಾಲಯಗಳ ಪರೀಕ್ಷೆಯಲ್ಲಿ ಇದು ಇತರ ಆಂಟಿವೈರಸ್‌ಗಳಿಗಿಂತ ಬಹಳ ಹಿಂದೆ ಬಿದ್ದಿತ್ತೆಂಬುದು ನಿಜ, ಮತ್ತು ಆ ಅಪಕೀರ್ತಿ ಈಗಲೂ ಜನರ ಬಾಯಲ್ಲಿ ಉಳಿದಿದೆ. ಈಗ ಇದು ದಿನಕ್ಕೆ 20,000 ಕೋಟಿಗೂ ಹೆಚ್ಚು ಆ್ಯಪ್‌ಗಳನ್ನು ತಪಾಸಣೆ ಮಾಡುತ್ತದೆಂದು ಗೂಗಲ್ ಹೇಳಿಕೊಳ್ಳುತ್ತದೆ. ಒಂದೇ ಆ್ಯಪ್ ಕೋಟಿಗಟ್ಟಲೆ ಫೋನುಗಳಲ್ಲಿರುವುದರಿಂದ ಈ ಸಂಖ್ಯೆಯನ್ನು ಕಂಡು ಬೆರಗಾಗಬೇಕಾದ್ದಿಲ್ಲ.

ಇದರ ಬೆಲೆ ಕಟ್ಟುವ ಮೊದಲು ಫೋನಿಗೆ ಬರುವ ರೋಗ ಯಾವುದೆಂದು ತಿಳಿದಿರಬೇಕು. ನಾವು ಬಾಯಿಮಾತಿಗೆ ವೈರಸ್ ಎನ್ನುತ್ತೇವಾದರೂ, ಹಳೆಯ ಕಂಪ್ಯೂಟರುಗಳಲ್ಲಿ ಕಡತದಿಂದ ಕಡತಕ್ಕೆ ಹಬ್ಬುತ್ತಿದ್ದಂಥ ವೈರಸ್‌ಗೆ ಆಂಡ್ರಾಯ್ಡ್‌ನಲ್ಲಿ ಹೆಚ್ಚು ಆಸ್ಪದವಿಲ್ಲ, ಏಕೆಂದರೆ ಇಲ್ಲಿ ಪ್ರತಿ ಆ್ಯಪ್ ತನ್ನದೇ ಕೋಣೆಯಲ್ಲಿ ಬೀಗ ಹಾಕಿಕೊಂಡು ಬದುಕುತ್ತದೆ. ಹಾಗಾಗಿ ಕಳ್ಳನು ಬೀಗ ಒಡೆಯುವ ಬದಲು, ಮನೆಯವರ ಕೈಯಿಂದಲೇ ಕೀಲಿಕೈ ಈಸಿಕೊಳ್ಳುತ್ತಾನೆ. ಮದುವೆ ಆಮಂತ್ರಣ, ಆರ್‌ಟಿಒ ಚಲನ್, ಬ್ಯಾಂಕಿನ ಬಹುಮಾನದ ಅಂಕಗಳು ಎಂದೆಲ್ಲ ವೇಷ ಹಾಕಿಕೊಂಡು ಬರುವ ಈ ಎಪಿಕೆಗಳು ಒಳಗೆ ಬಂದ ಕೂಡಲೇ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತವೆ. ಕೊಟ್ಟರೆ ಬ್ಯಾಂಕಿನ ಒಟಿಪಿಗಳು ಬಂದ ಕ್ಷಣದಲ್ಲೇ ಕಳ್ಳನ ಕೈ ಸೇರುತ್ತವೆ. ಕೆಲವು ತಮ್ಮ ಐಕಾನನ್ನು ಮರೆಮಾಡಿಕೊಂಡು, ಅದೇ ಕಡತವನ್ನು ನಮ್ಮ ಪರಿಚಿತರಿಗೆಲ್ಲ ನಮ್ಮ ಹೆಸರಿನಲ್ಲೇ ಕಳುಹಿಸುತ್ತವೆ. ವಾಕಿಂಗ್ ಗೆಳೆಯರ ನಂಬರಿನಿಂದ ಮಾವನವರಿಗೆ ಪತ್ರಿಕೆ ಬಂದದ್ದೂ ಹೀಗೆಯೇ. ಅವರ ಮನೆಯಲ್ಲಿ ಮದುವೆಯಿರಲಿ, ಮದುವೆಯ ವಯಸ್ಸಿನವರೂ ಇರಲಿಲ್ಲ.

ಪ್ಲೇ ಪ್ರೊಟೆಕ್ಟ್ ನನ್ನ ಮೆಚ್ಚುಗೆ ಗಳಿಸಿದ್ದು ಈ ರೋಗಕ್ಕೇ ಮದ್ದು ಹುಡುಕಿದ್ದರಿಂದ. ಪ್ಲೇ ಸ್ಟೋರಿನ ಹೊರಗಿನಿಂದ ಬರುವ, ಹಿಂದೆ ಎಂದೂ ಕಂಡಿರದ ಆ್ಯಪ್‌ನ ಒಳಗಿನ ಕೋಡನ್ನು ಸ್ಥಾಪನೆಯ ಹೊತ್ತಿನಲ್ಲೇ ಪರಿಶೀಲಿಸುವ ಕ್ರಮವನ್ನು ಗೂಗಲ್ 2023ರ ಅಕ್ಟೋಬರ್‌ನಲ್ಲಿ ಮೊದಲು ಭಾರತದಲ್ಲೇ ಆರಂಭಿಸಿತು. 2024ರ ಫೆಬ್ರುವರಿಯಲ್ಲಿ ಸಿಂಗಾಪುರದಲ್ಲಿ ಇನ್ನೊಂದು ಪ್ರಯೋಗ ನಡೆಸಿ, ಅದೇ ವರ್ಷದ ಕೊನೆಯ ಹೊತ್ತಿಗೆ ಅದನ್ನು ಇಲ್ಲಿಗೂ ತಂದಿತು: ಬ್ರೌಸರ್, ಮೆಸೇಜಿಂಗ್ ಆ್ಯಪ್ ಅಥವಾ ಫೈಲ್ ಮ್ಯಾನೇಜರ್ ಮೂಲಕ ಬಂದ ಆ್ಯಪ್ ಒಂದು, ಎಸ್‌ಎಂಎಸ್ ಪಡೆಯುವ, ಎಸ್‌ಎಂಎಸ್ ಓದುವ, ನೋಟಿಫಿಕೇಶನ್‌ಗಳನ್ನು ಕದ್ದು ನೋಡುವ, ಇಲ್ಲವೇ ಅಂಗವಿಕಲರ ನೆರವಿಗೆಂದಿರುವ ಅಕ್ಸೆಸಿಬಿಲಿಟಿಯ ಹೆಸರಿನಲ್ಲಿ ಇಡೀ ಪರದೆಯನ್ನು ಓದಿ ತಾನೇ ಗುಂಡಿ ಒತ್ತುವ ಅನುಮತಿಗಳಲ್ಲಿ ಯಾವುದನ್ನಾದರೂ ಕೇಳುವಂತಿದ್ದರೆ, ಅದರ ಸ್ಥಾಪನೆಯನ್ನೇ ನಿಲ್ಲಿಸಿಬಿಡುವುದು. ಆ್ಯಪ್ ಕೆಟ್ಟದ್ದೆಂದು ಸಾಬೀತಾಗುವವರೆಗೆ ಕಾಯದೆ, ಅಪರಿಚಿತನು ತಿಜೋರಿಯ ಕೀಲಿ ಕೇಳಿದ ಮಾತ್ರಕ್ಕೇ ಹೊಸ್ತಿಲಲ್ಲಿ ತಡೆಯುವ ಈ ಕ್ರಮ ಒರಟಾಗಿ ಕಂಡರೂ, ಅರವತ್ತು ದಾಟಿದವರ ಫೋನುಗಳಿಗೆ ಈ ಒರಟುತನವೇ ಬೇಕು. ಕರೆ ಮಾಡಿದ ವಂಚಕನು ಸಾಲುಸಾಲಾಗಿ ಸೂಚನೆ ಕೊಡುತ್ತಾ ಕಾವಲನ್ನು ಆಫ್ ಮಾಡುವಂತೆ ಒಪ್ಪಿಸುವುದು ಹಳೆಯ ಉಪಾಯ. ಇದಕ್ಕೆ ಉತ್ತರವಾಗಿ, ಕರೆ ನಡೆಯುತ್ತಿರುವಾಗ ಪ್ಲೇ ಪ್ರೊಟೆಕ್ಟ್ ಅನ್ನು ಆಫ್ ಮಾಡಲು ಆಗದಂತೆ ಹೊಸ ಫೋನುಗಳಲ್ಲಿ ಮಾಡಲಾಗಿದೆ. ಇಂಥ ಚಿಕ್ಕ ವಿವರದಲ್ಲೇ ಮಾಡಿದವರ ಅನುಭವ ಗೊತ್ತಾಗುತ್ತದೆ.

ಹಾಗಾದರೆ ದುಡ್ಡು ಕೊಟ್ಟು ಬೇರೆ ಆಂಟಿವೈರಸ್ ಕೊಳ್ಳಬೇಕೇ? ನಮ್ಮ ಯಜಮಾನರು ಹೊಸ ಫೋನು ಕೊಂಡಾಗ ಅಂಗಡಿಯವರು ಒಂದು ವರ್ಷದ ಆಂಟಿವೈರಸ್ ಚಂದಾವನ್ನೂ ಬಿಲ್ಲಿಗೆ ಸೇರಿಸಿದ್ದರು. ವರ್ಷವಿಡೀ ಅದು ಮಾಡಿದ್ದೆಂದರೆ, ಫೋನಿನ ವೇಗ ಹೆಚ್ಚಿಸಲೇ ಎಂದು ಆಗಾಗ ಕೇಳಿದ್ದು, ಹಾಗೂ ಕೊನೆಯ ತಿಂಗಳಲ್ಲಿ ನವೀಕರಣದ ನೆನಪು ಮಾಡಿದ್ದು. ಅದನ್ನು ಪೂರ್ತಿಯಾಗಿ ದೂರಲೂ ಆಗದು, ಏಕೆಂದರೆ ಆಂಟಿವೈರಸ್ ಕೂಡ ಒಂದು ಆ್ಯಪ್ ಆದ್ದರಿಂದ ತನ್ನ ಕೋಣೆಯಲ್ಲೇ ಬಂಧಿ. ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂಬುದು ಅದಕ್ಕೆ ಕಾಣದು. ಕೆಟ್ಟ ಆ್ಯಪ್ ಕಂಡರೂ ತೆಗೆದುಹಾಕಿರೆಂದು ನಮ್ಮನ್ನು ಕೇಳಬೇಕೇ ಹೊರತು ತಾನೇ ತೆಗೆಯುವಂತಿಲ್ಲ. ಪ್ಲೇ ಪ್ರೊಟೆಕ್ಟ್‌ಗೆ ಆ ಅಧಿಕಾರ ವ್ಯವಸ್ಥೆಯೊಳಗಿನಿಂದಲೇ ದೊರೆತಿದೆ. ಇನ್ನು ಪ್ಲೇ ಸ್ಟೋರಿನಲ್ಲಿ ಸಿಗುವ ಬಹುಪಾಲು ಆಂಟಿವೈರಸ್‌ಗಳ ಮಾತು ಕೇಳುವುದೇ ಬೇಡ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆ 2019ರಲ್ಲಿ 250 ಆ್ಯಪ್‌ಗಳನ್ನು 2,000 ಹಾನಿಕಾರಕ ಮಾದರಿಗಳ ಎದುರು ನಿಲ್ಲಿಸಿದಾಗ, ಶೇ. 30ಕ್ಕಿಂತ ಹೆಚ್ಚನ್ನು ಹಿಡಿದವು ಕೇವಲ 80. ಕೆಲವಂತೂ ನಂಬಿಗಸ್ತರ ಪಟ್ಟಿಗೆ ತಮ್ಮ ಹೆಸರನ್ನು ಸೇರಿಸಲು ಮರೆತು ತಮ್ಮನ್ನೇ ಕಳ್ಳರೆಂದು ತೋರಿಸಿದವು. 2014ರಲ್ಲಿ ವೈರಸ್ ಶೀಲ್ಡ್ ಎಂಬ ಆ್ಯಪ್ 3.99 ಡಾಲರಿಗೆ ಮಾರಾಟವಾಗಿ ಪ್ಲೇ ಸ್ಟೋರಿನ ಪಟ್ಟಿಯ ತುದಿಗೇರಿತ್ತು. ಮುಟ್ಟಿದಾಗ ಗುರಾಣಿಯ ಮೇಲಿನ ತಪ್ಪುಗುರುತನ್ನು ಸರಿಗುರುತಾಗಿ ಬದಲಿಸುವುದಷ್ಟೇ ಅದರ ಕೆಲಸವೆಂದು ಬಯಲಾದ ಮೇಲೆ, ಕೊಂಡವರಿಗೆ ಗೂಗಲ್ ಹಣ ಹಿಂದಿರುಗಿಸಿತು. ಎರಡನೆಯ ಅಭಿಪ್ರಾಯ ಬೇಕೇಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ರೂಪಿಸಿದ ಎಂ-ಕವಚ್ ಎಂಬ ಭದ್ರತಾ ಆ್ಯಪ್ ಇದೆ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ.

ಪ್ಲೇ ಪ್ರೊಟೆಕ್ಟ್‌ಗೆ ಪೂರ್ಣ ಅಂಕ ಕೊಡಲಾರೆ. ಅದು ಕಾಯುವ ಅಂಗಡಿಯೊಳಗೇ ಕಳ್ಳಮಾಲು ನುಸುಳಿದ ಉದಾಹರಣೆಗಳಿವೆ: ಒಂದು ಕೋಟಿಗೂ ಹೆಚ್ಚು ಜನ ಇಳಿಸಿಕೊಂಡಿದ್ದ, ವರ್ಷಗಟ್ಟಲೆ ಸಾಧುವಾಗಿದ್ದ ಬಾರ್‌ಕೋಡ್ ಸ್ಕ್ಯಾನರ್ ಒಂದು 2020ರ ಡಿಸೆಂಬರ್‌ನ ಅಪ್‌ಡೇಟಿನ ಮೂಲಕ ಜಾಹೀರಾತುಗಳನ್ನು ತುರುಕುವ ಪೀಡೆಯಾಗಿ ಬದಲಾಯಿತು. ಹೊರಗಿನ ಎಲ್ಲ ಆ್ಯಪ್‌ಗಳಿಗೂ ಒಂದೇ ಬಿಗಿ ಇಲ್ಲ. ಆ ನಾಲ್ಕು ಅನುಮತಿಗಳನ್ನು ಕೇಳದ ಆ್ಯಪ್ ಆದರೆ, ಎಚ್ಚರಿಕೆಯ ಪರದೆಯಲ್ಲಿ ಹೆಚ್ಚಿನ ವಿವರವನ್ನು ತೆರೆದು ಹಾಗೆಯೇ ಮುಂದುವರಿಯುವ ದಾರಿ ಸಿಗುತ್ತದೆ, ಮತ್ತು ಹದಿಹರೆಯದ ಹುಡುಗರಿಗೆ ಆ ದಾರಿ ಬಾಯಿಪಾಠ. ನಮ್ಮ ಮನೆಯಲ್ಲೂ, ಆಟದ ಬದಲಾಯಿಸಿದ ಆವೃತ್ತಿಯೊಂದಕ್ಕಾಗಿ ಮೈದುನನು ಕಾವಲನ್ನೇ ಆಫ್ ಮಾಡಿಟ್ಟಿದ್ದು ಹದಿನೈದು ದಿನಗಳ ನಂತರ ನನ್ನ ಕಣ್ಣಿಗೆ ಬಿತ್ತು. ನಕಲಿ ಜಾಲತಾಣದಲ್ಲಿ ನಾವೇ ಪಿನ್ ಬರೆದುಕೊಟ್ಟರೆ ಇದಕ್ಕೆ ಅದು ತಿಳಿಯುವುದೂ ಇಲ್ಲ. ಅಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುವುದು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡುವ ಕರೆ.

ಇವೆಲ್ಲಕ್ಕಿಂತ ದೊಡ್ಡ ಮಿತಿಯನ್ನು ನಾನು ಕಂಡದ್ದು ಅತ್ತೆಯವರ ಫೋನಿನಲ್ಲಿ. ಪ್ಲೇ ಪ್ರೊಟೆಕ್ಟ್ ಅಲ್ಲಿಯೂ ದಿನವೂ ಹಸಿರು ಗುರುತು ತೋರಿಸುತ್ತದೆ. ಆದರೆ ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಅಪ್‌ಡೇಟಿನ ದಿನಾಂಕ 2022ರಲ್ಲೇ ನಿಂತಿದೆ, ತಯಾರಿಸಿದ ಕಂಪನಿ ಆ ಮಾದರಿಯನ್ನು ಕೈಬಿಟ್ಟಿದೆ. ಆಂಡ್ರಾಯ್ಡ್‌ನ ಗೋಡೆಯಲ್ಲೇ ಬಿರುಕಿದ್ದರೆ ಬಾಗಿಲ ಕಾವಲುಗಾರನಿಂದ ಅದನ್ನು ಮುಚ್ಚಲಾಗದು. ಆದ್ದರಿಂದ ಅತ್ತೆಯವರ ಒಪ್ಪಿಗೆ ಪಡೆದು ಬ್ಯಾಂಕಿನ ಆ್ಯಪ್ ಮತ್ತು ಯುಪಿಐ ಎರಡನ್ನೂ ಅದರಿಂದ ತೆಗೆದು, ಬ್ಯಾಂಕಿನ ಎಸ್‌ಎಂಎಸ್ ಬರುವ ಸಿಮ್ಮನ್ನು ಯಜಮಾನರ ಫೋನಿಗೆ ಹಾಕಿದ್ದೇವೆ. ಹಳೆಯ ಫೋನಿನಲ್ಲಿ ಈಗ ಅವರು ವಚನಗಳನ್ನು ಕೇಳುತ್ತಾರೆ, ಮೊಮ್ಮಕ್ಕಳಿಗೆ ವಿಡಿಯೊ ಕರೆ ಮಾಡುತ್ತಾರೆ.