ಶೋಧಗಂಗಾ: ಮ್ಯಾನೇಜ್‌ಮೆಂಟ್ ಪಿಎಚ್‌ಡಿಗೆ ಅರ್ಜಿ ಹಾಕುವ ಮುಂಚೆ ಒಂದು ವಾರ

ಮಾನಸಗಂಗೋತ್ರಿಯ ಸುತ್ತಮುತ್ತ ಎಂಬಿಎ ಮುಗಿಸಿ ಪಿಎಚ್‌ಡಿ ಮಾಡಬೇಕೆನ್ನುವವರು ಮೊದಲು ಕೇಳುವುದು ‘ಯಾವ ಟಾಪಿಕ್ ತಗೊಳ್ಳಲಿ?’ ಅಂತ. ಮೊದಲು ಕೇಳಬೇಕಾದದ್ದು ‘ಗೈಡ್ ಯಾರು?’ ಅಂತ. ಅದಕ್ಕೆ ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ಜಾಲತಾಣದಷ್ಟು ಉಪಯೋಗದ್ದು ಬೇರೆ ಇಲ್ಲ. ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಅಲ್ಲಿ ಓದಲು ಸಿಗುತ್ತವೆ, ದುಡ್ಡಿಲ್ಲ.

ಹುಡುಕುವ ಪೆಟ್ಟಿಗೆಯಲ್ಲಿ ವಿಷಯ ಹಾಕಿದರೆ ರಾಶಿ ಬಂದು ಬೀಳುತ್ತದೆ. ವಿಶ್ವವಿದ್ಯಾಲಯದಿಂದ ವಿಭಾಗಕ್ಕೆ, ಅಲ್ಲಿಂದ ಗೈಡ್ ಹೆಸರಿಗೆ ಇಳಿಯುವುದು ವಾಸಿ. ಕಾಮರ್ಸ್ ವಿಭಾಗವನ್ನೂ ಬಿಡಬೇಡಿ. ಫೈನಾನ್ಸ್, ಮಾರ್ಕೆಟಿಂಗ್ ಪ್ರಬಂಧಗಳು ಅಲ್ಲೂ ಇರುತ್ತವೆ. ಇನಿಷಿಯಲ್ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ ಬರುವುದರಿಂದ ಒಬ್ಬರೇ ಗೈಡ್ ಇಬ್ಬರಾಗಿ ಕಾಣುವುದುಂಟು. ಎರಡೂ ಥರ ಹಾಕಿ ನೋಡಿ.

ಪೂರ್ಣ ದಾಖಲೆ ತೆರೆದರೆ ನೋಂದಣಿ ಮತ್ತು ಮುಗಿದ ದಿನಾಂಕಗಳ ಜಾಗವಿದೆ. ಕೆಲವು ಕಡೆ ಖಾಲಿ. ತುಂಬಿರುವ ಕಡೆ ಕಳೆದು ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಕೋರ್ಸ್‌ವರ್ಕ್ (ಆರಂಭದ ತರಗತಿಗಳು) ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6. ಒಬ್ಬ ಗೈಡ್ ಹತ್ತಿರ ಎಲ್ಲರಿಗೂ ಆರು ವರ್ಷ ಹಿಡಿದಿದ್ದರೆ ಜೆಆರ್‌ಎಫ್ (ಸಂಶೋಧಕರಿಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್) ನಂಬಿ ಬರುವವರು ಎರಡು ಸಲ ಯೋಚಿಸಬೇಕು, ಆ ಹಣ ಐದು ವರ್ಷಕ್ಕೆ ನಿಲ್ಲುತ್ತದೆ. ಈಗ ಅವರ ಹತ್ತಿರ ಎಷ್ಟು ಜನ ಇದ್ದಾರೆ ಅನ್ನುವುದು ಇಲ್ಲಿ ತಿಳಿಯದು, ವಿಭಾಗದಲ್ಲೇ ಕೇಳಬೇಕು. ಒಂದೇ ಹೊತ್ತಿಗೆ ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ಮಂದಿಯ ಮಿತಿ. ನಿವೃತ್ತಿಗೆ 3 ವರ್ಷದೊಳಗೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಪ್ರಬಂಧ ಸಾಮಾನ್ಯವಾಗಿ ಒಂದೇ ಫೈಲಾಗಿ ಸಿಗುವುದಿಲ್ಲ, ಅಧ್ಯಾಯಕ್ಕೊಂದು ಪಿಡಿಎಫ್. ಕಿರಿಕಿರಿಯೇ. ಆದರೆ ನಮಗೆ ಬೇಕಾದ್ದು ಮೂರೇ: ಸಂಶೋಧನಾ ವಿಧಾನದ ಅಧ್ಯಾಯ, ಅನುಬಂಧದಲ್ಲಿರುವ ಪ್ರಶ್ನಾವಳಿ, ಮತ್ತು ಹೆಸರು 80ರಿಂದ ಶುರುವಾಗುವ ‘ರೆಕಮೆಂಡೇಶನ್’ ಫೈಲು. ಕೊನೆಯದರಲ್ಲಿ ಶೀರ್ಷಿಕೆ ಪುಟ, ಸಮಾರೋಪ ಒಟ್ಟಿಗಿರುತ್ತವೆ. ಹತ್ತು ನಿಮಿಷದಲ್ಲಿ ಪ್ರಬಂಧದ ತೂಕ ಗೊತ್ತಾಗುತ್ತದೆ. ಹಳೆಯ ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿದ್ದರೆ ಒಳಗೆ ಪದ ಹುಡುಕಲಾಗದು.

ವಿಧಾನದ ಅಧ್ಯಾಯದಲ್ಲಿ 384 ಎಂಬ ಅಂಕಿ ಕಂಡರೆ ನಿಂತು ಓದಿ. ಶೇ. 95 ವಿಶ್ವಾಸ ಮಟ್ಟ, ಶೇ. 5 ದೋಷದ ಅಂತರ ಇಟ್ಟುಕೊಂಡು, ದೊಡ್ಡ ಜನಸಂಖ್ಯೆಯಿಂದ ಚೀಟಿ ಎತ್ತಿದ ಹಾಗೆ ಮಾದರಿ ಆಯ್ದಾಗ ಎಷ್ಟು ಜನ ಬೇಕು ಎನ್ನುವ ಲೆಕ್ಕ ಅದು. ಮಂಡ್ಯದ ಆಲೆಮನೆಗಳ ಬಗ್ಗೆ ಅಧ್ಯಯನ ಅನ್ನೋಣ. ಆಲೆಮನೆಗಳ ಪೂರ್ತಿ ಪಟ್ಟಿಯೇ ಕೈಯಲ್ಲಿಲ್ಲದಿದ್ದರೆ ಚೀಟಿ ಎತ್ತುವುದು ಎಲ್ಲಿಂದ? ಸಿಕ್ಕ ಮಾಲೀಕರನ್ನು ಕೇಳಿ 384 ತುಂಬಿಸಿದರೆ ಸೂತ್ರ ಬರೀ ಅಲಂಕಾರ. ಇನ್ನೊಂದು: ‘ಮೇಲಧಿಕಾರಿ ಹೇಗೆ, ಕೆಲಸದಲ್ಲಿ ತೃಪ್ತಿ ಎಷ್ಟು’ ಎಂದು ಒಬ್ಬರನ್ನೇ ಒಂದೇ ಫಾರ್ಮಿನಲ್ಲಿ ಕೇಳಿ, ಎರಡಕ್ಕೂ ನಂಟು ಸಿಕ್ಕಿತು ಅನ್ನುವುದು. ಆವತ್ತಿನ ಮನಸ್ಥಿತಿಯೇ ಎರಡೂ ಉತ್ತರ ಬರೆದಿರಬಹುದು. ಒಳ್ಳೆಯ ಜರ್ನಲ್‌ನ ವಿಮರ್ಶಕರು ಮೊದಲು ಹಿಡಿಯುವುದು ಇದನ್ನೇ. ಅಧ್ಯಾಪಕ ವೃತ್ತಿಗೆ ಹೊರಟವರು ಇಂಥ ಪ್ರಬಂಧವನ್ನು ಮಾದರಿ ಮಾಡಿಕೊಂಡರೆ ಪದವಿ ಬಂದೀತು, ಪೇಪರ್ ಬರುವುದು ಕಷ್ಟ.

ಇಲ್ಲಿಂದ ಸಾಲು ಎತ್ತುವ ಆಸೆ ಬೇಡ. ಹೋಲಿಕೆ ತಂತ್ರಾಂಶಗಳ ಕಣ್ಣಿಗೆ ಈ ಪ್ರಬಂಧಗಳೂ ಬೀಳುತ್ತವೆ. ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, 60 ದಾಟಿದರೆ ನೋಂದಣಿಯೇ ರದ್ದು.

ನಡೆಯುತ್ತಿರುವ ಸಂಶೋಧನೆ ಇಲ್ಲಿ ಕಾಣದು. ಸಂಶೋಧನೆಯ ಆರಂಭದಲ್ಲಿ ಕೊಡುವ ಸಾರಲೇಖಗಳಿಗೆ (ಸಿನಾಪ್ಸಿಸ್) ಇದೇ ಸಂಸ್ಥೆಯ ಶೋಧಗಂಗೋತ್ರಿ ಬೇರೆ ಇದೆ. ಸಿನಾಪ್ಸಿಸ್ ಕೊಡುವ ಹಿಂದಿನ ದಿನವಲ್ಲ, ಬರೆಯಲು ಕೂರುವ ಮುಂಚೆಯೇ ಅಲ್ಲೊಮ್ಮೆ ಶೀರ್ಷಿಕೆ ಹಾಕಿ ನೋಡಿ.