ಮೂರು ಮಳೆಗಾಲ ಕಂಡ ಫ್ಲೋರೈಡ್ ಎಲೆಕ್ಟ್ರೋಡ್: ಹರಳಿಗೆ ಐದು ಸ್ಟಾರ್, ಪ್ಲಗ್ಗಿಗೆ ಒಂದು

ಮೊದಲೇ ಹೇಳ್ತೇನೆ, ಎರಡು ಮಳೆಗಾಲ ಪೂರ್ತಿ ನಾನು ಇದಕ್ಕೆ ಬೈಯದ ದಿನ ಇಲ್ಲ.

ಮಂಗಳೂರಿನಲ್ಲಿ ನೀರು ಪರೀಕ್ಷೆ ಮಾಡುವ ಸಣ್ಣ ಲ್ಯಾಬ್ ನಮ್ಮದು. ನೀರಿಗೆ ಅದ್ದಿದರೆ ಅದರಲ್ಲಿ ಎಷ್ಟು ಫ್ಲೋರೈಡ್ ಉಂಟು ಅಂತ ಮೀಟರಿಗೆ ಮಿಲಿವೋಲ್ಟಿನಲ್ಲಿ ಹೇಳುವ ಕಡ್ಡಿ ಈ ಎಲೆಕ್ಟ್ರೋಡ್. ಎಲೆಕ್ಟ್ರೋಡಿನ ಬೆಲೆ ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಹಾಗಾಗಿ ಇವತ್ತಿಗೂ ಅದನ್ನು ಎರಡು ಕೈಯಲ್ಲೇ ಹಿಡಿಯುವುದು.

ತುದಿಯಲ್ಲಿರುವುದು ಲ್ಯಾಂಥನಮ್ ಫ್ಲೋರೈಡಿನ ಹರಳು, ಅದರಲ್ಲಿ ಚೂರು ಯುರೋಪಿಯಮ್. ಅದರಿಂದ ಹರಳೊಳಗೆ ಅಲ್ಲಲ್ಲಿ ಫ್ಲೋರೈಡಿನ ಜಾಗ ಖಾಲಿ ಇರ್ತದೆ. ಪಕ್ಕದ ಫ್ಲೋರೈಡ್ ಅಯಾನು (ವಿದ್ಯುದಾವೇಶ ಇರುವ ಕಣ) ಆ ಜಾಗಕ್ಕೆ ಹಾರ್ತದೆ, ಅದರ ಜಾಗಕ್ಕೆ ಇನ್ನೊಂದು. ಉಪ್ಪಿನಲ್ಲಿರುವ ಕ್ಲೋರೈಡಿಗೆ ಅಲ್ಲಿ ಪ್ರವೇಶ ಇಲ್ಲ. ಅಳಿವೆ ಹತ್ತಿರದ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುವ ಊರಲ್ಲಿ ಇದು ಸಣ್ಣ ಸಂಗತಿ ಅಲ್ಲ. ಫ್ರಾಂಟ್ ಮತ್ತು ರಾಸ್ ಎಂಬ ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದ ಉಪಾಯ, ಈಗಲೂ ಅದೇ ನಡೀತಾ ಉಂಟು. ಇದನ್ನು ಯಾಮಾರಿಸುವುದು ಹೈಡ್ರಾಕ್ಸೈಡ್ ಒಂದೇ. ಅದಕ್ಕೇ ನೀರಿನಷ್ಟೇ ಟಿಸ್ಯಾಬ್ ಎಂಬ ಬಫರ್ (ಪಿಎಚ್ ಅಲುಗದ ಹಾಗೆ ಹಿಡಿದಿಡುವ ದ್ರಾವಣ) ಸೇರಿಸಿ ಪಿಎಚ್ 5ರಿಂದ 5.5ರ ಒಳಗೆ ನಿಲ್ಲಿಸುವುದು.

ಬೆಳಿಗ್ಗೆ ಬಂದ ಕೂಡಲೇ ಲೀಟರಿಗೆ 1 ಮಿಲಿಗ್ರಾಂ, 10 ಮಿಲಿಗ್ರಾಂ ಫ್ಲೋರೈಡ್ ಇರುವ ದ್ರಾವಣಗಳು ಪ್ಲಾಸ್ಟಿಕ್ ಬೀಕರಿನಲ್ಲಿ. ದ್ರಾವಣ ಕಲಕುವ ಸ್ಟಿರರಿನ ಬಿಸಿ ತಾಗದ ಹಾಗೆ ಅಡಿಗೊಂದು ಥರ್ಮಾಕೋಲ್ ತುಂಡು. ಹರಳಿನ ಕೆಳಗೆ ಗುಳ್ಳೆ ಕೂತಿದ್ದರೆ ಬೆರಳಲ್ಲಿ ಮೆಲ್ಲ ತಟ್ಟಬೇಕು. ಎರಡು ದ್ರಾವಣಗಳ ಅಳತೆಯ ನಡುವೆ 25 ಡಿಗ್ರಿಯಲ್ಲಿ 59 ಮಿಲಿವೋಲ್ಟ್ ಆಸುಪಾಸಿನ ಅಂತರ, ನಮ್ಮ ಏಪ್ರಿಲ್ ಸೆಕೆಗೆ 60 ದಾಟ್ತದೆ. ಆ ಅಂತರ ಸರಿ ಬಂದ ಮೇಲೆಯೇ ನನ್ನ ಚಾ.

ಜೂನ್ ಬಂತೋ, ಶುರು. ಅಂಕಿ ಒಂದು ಕಡೆ ನಿಲ್ಲುವುದಿಲ್ಲ ಮಾರಾಯ್ರೇ! ಹರಳು ಮಂಕಾಗಿದೆ ಅಂತ ಫ್ಲೋರೈಡ್ ಟೂತ್‌ಪೇಸ್ಟ್ ಹಾಕಿ ಮೆಲ್ಲ ಉಜ್ಜಿದೆ. ತಮಾಷೆ ಅಲ್ಲ, ಒಪ್ಪಿತ ವಿಧಾನವೇ. ಹಲ್ಲುಜ್ಜಿಸಿಕೊಂಡ ಮೇಲೂ ಅದೇ ಹಟ. ಮಾರಿದವರಿಗೆ ಫೋನ್ ಮಾಡಿದರೆ, "ಹರಳು ಹೋಗಿದೆ, ಹೊಸತು ತಗೊಳ್ಳಿ" ಅಂದ್ರು. ಬಂದು ನೋಡಲಿಲ್ಲ.

ಎರಡನೇ ಮಳೆಗಾಲದ ಕೊನೆಗೆ ನಮ್ಮ ಅಟೆಂಡರಣ್ಣ ಮೀಟರಿನಿಂದ ಪ್ಲಗ್ ಎಳೆದು ಕಿಟಕಿ ಬೆಳಕಿಗೆ ಹಿಡಿದರು. ನಡುವಿನ ಪಿನ್ನಿಗೆ ಹಸಿರು ಕಿಲುಬು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಎರಡು ನಿಮಿಷ ಹೇರ್ ಡ್ರೈಯರ್ ಹಿಡಿದದ್ದೇ, ಅಂತರ 59! ಇಷ್ಟು ದಿನ ಬೈಸಿಕೊಂಡದ್ದು ತಪ್ಪೇ ಮಾಡದ ಹರಳು.

ಆಮೇಲೆ ನನ್ನ ಧೋರಣೆಯೇ ಬದಲಾಯಿತು. ಈಗ ಸಂಜೆ ಪ್ಲಗ್ಗನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿಗೆ ಹಾಕಿಯೇ ಮನೆಗೆ ಹೋಗುವುದು. ಮೂರನೇ ಮಳೆಗಾಲ ಸದ್ದಿಲ್ಲದೆ ಕಳೆಯಿತು. ಕೆಲಸ ಕಡಿಮೆ ಇದ್ದ ಒಂದು ಶನಿವಾರ ಹಾಲು ಹಾಕದ ಚಾವನ್ನೇ ಅಳೆದೆ. ಆ ದಿನ ಬಂದಿದ್ದ ಎಲ್ಲ ಬಾವಿ ನೀರಿಗಿಂತ ಅದರಲ್ಲೇ ಫ್ಲೋರೈಡ್ ಹೆಚ್ಚು, ಕುಡಿಯುವ ನೀರಿಗೆ ಹೇಳುವ ಲೀಟರಿಗೆ 1 ಮಿಲಿಗ್ರಾಂ ಮಿತಿಯನ್ನೂ ದಾಟಿತ್ತು. ಚಹಾ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಡ್ತದೆ. ನಾನಂತೂ ಚಾ ಬಿಟ್ಟಿಲ್ಲ.

ಮನೆಯ ಒಂದು ಬಾವಿಗೆ ಅಂತ ಇದನ್ನು ಕೊಳ್ಳಬೇಡಿ, ಸ್ಯಾಂಪಲ್ ಯಾವುದಾದರೂ ಲ್ಯಾಬಿಗೆ ಕೊಟ್ಟರೆ ಸಾಕು. ದಿನಾ ಹತ್ತಿಪ್ಪತ್ತು ಸ್ಯಾಂಪಲ್ ನೋಡುವವರು ಧೈರ್ಯವಾಗಿ ತಗೊಳ್ಳಿ. ಇಷ್ಟು ದುಡ್ಡು ತಗೊಂಡವರು ಪ್ಲಗ್ಗಿಗೊಂದು ರಬ್ಬರ್ ಟೊಪ್ಪಿ ಕೊಡಬಹುದಿತ್ತು ಎಂಬ ಸಿಟ್ಟು ಮಾತ್ರ ನನಗೆ ಇನ್ನೂ ಉಂಟು.